ನಾಲ್ಕನೇ ಮಹಡಿಯ ನೆರೆಯವಳು

ನ್ಯೂಯಾರ್ಕಿನಲ್ಲಿ ಗಂಡನನ್ನು ಬಿಟ್ಟವರು ಬೇಕಾದಷ್ಟು ಜನ ಸಿಗುತ್ತಾರೆ, ದೇವರನ್ನು ಬಿಟ್ಟವರೂ ಸಿಗುತ್ತಾರೆ. ಹಳೆಯ ಬಾಡಿಗೆಯ ಮನೆಯನ್ನು ತಾನಾಗಿ ಬಿಟ್ಟವರನ್ನು ಮಾತ್ರ ಹುಡುಕಿಕೊಂಡು ಹೋಗಬೇಕು. ಇರ್ಮಾ ಗ್ಲಿಕ್‌ಮನ್ ಬಿಡುತ್ತಾಳೆಯೇ?

ಮ್ಯಾನ್‌ಹಟನ್ನಿನ ಪಶ್ಚಿಮದಲ್ಲಿ, ಊರ ನಡುವಿನ ದೊಡ್ಡ ಉದ್ಯಾನದಿಂದ ಎರಡು ಬೀದಿ ಈಚೆ, ಎರಡನೇ ಮಹಾಯುದ್ಧಕ್ಕೆ ಮುಂಚೆ ಕಟ್ಟಿದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ಅವಳದು ಒಂದೇ ಕೋಣೆಯ ಮನೆ. ಎತ್ತರದ ಚಾವಣಿ, ಗಟ್ಟಿ ಗೋಡೆ, ಆ ಗೋಡೆಯೊಳಗೆ ಮಡಚಿಡುವ ಮಂಚ, ಬೀರುವಿನಷ್ಟು ಅಡುಗೆಮನೆ. ಚಳಿಗಾಲದಲ್ಲಿ ಹಬೆಯ ಕೊಳವೆ ಕುಕ್ಕರಿನಂತೆ ಸಿಳ್ಳೆ ಹಾಕುತ್ತಿತ್ತು. ಕಾನೂನಿನ ದಯೆಯಿಂದ ಬಾಡಿಗೆ ಏರಿದರೂ ಹೆಸರಿಗೆ ಮಾತ್ರ. ಆದರೆ ಕರಾರು ಯಾರ ಹೆಸರಿನಲ್ಲಿದೆಯೋ ಅವರು ಅಲ್ಲೇ ವಾಸವಿರಬೇಕು. ಇಲ್ಲದಿದ್ದರೆ ಮಾಲೀಕ ಖಾಲಿ ಮಾಡಿಸಿ, ಬಣ್ಣ ಬಳಿಸಿ, ಬಾಯಿಗೆ ಬಂದ ಬಾಡಿಗೆಗೆ ಕೊಡುತ್ತಾನೆ.

ಆರನೇ ಮಹಡಿಯಲ್ಲಿ ಅಂಥದೇ ಕೋಣೆಯಲ್ಲಿದ್ದವನು ಸಿಡ್ನಿ ಪಾಶ್. ತುಪ್ಪಳದ ಕೋಟು ಹೊಲಿಯುವಲ್ಲಿ ಚರ್ಮ ಕತ್ತರಿಸುವ ಕೆಲಸ ಅವನದು. ಇರ್ಮಾ ಟೋಪಿ ಅಂಗಡಿಯವಳು. ಲಿಫ್ಟು ಕೆಟ್ಟ ದಿನ ಮೆಟ್ಟಿಲ ಮೇಲೆ ಆದ ಪರಿಚಯ ಊಟಕ್ಕೆ ತಿರುಗಿ, ಊಟ ಪ್ರೀತಿಗೆ ತಿರುಗಿ, ಹಾಗೇ ಇಬ್ಬರ ತಲೆಯೂ ನರೆಯಿತು. ದಿನಾ ಸಂಜೆ ಊಟ ಅವಳಲ್ಲಿ. ಟೀವಿಯ ವಾರ್ತೆ ಮುಗಿದ ಮೇಲೆ ಅವನು ಚಪ್ಪಲಿ ಮೆಟ್ಟಿಕೊಂಡು ಮೇಲಕ್ಕೆ. ಒಂದು ಭಾನುವಾರ ಬಳೆಯಾಕಾರದ ಬೇಗಲ್ ಬ್ರೆಡ್ಡಿನ ಮೇಲೆ ಹೊಗೆಯಾಡಿಸಿದ ಮೀನು ಹಾಕಿಕೊಳ್ಳುತ್ತ ಸಿಡ್ನಿ ಕೇಳಿದ:

"ಮದುವೆ ಆಗೋಣ್ವೇನೆ?"

"ಆಗೋಣ. ಯಾರ ಮನೆ ಬಿಡೋದು?"

ಸಿಡ್ನಿ ಯೋಚಿಸಿದ. "ಕಾಫಿ ಆರೋಗತ್ತೆ, ಕುಡಿ," ಎಂದ.

ಮಾಲೀಕನೂ ಕಣ್ಣು ಮುಚ್ಚಿ ಕೂತಿರಲಿಲ್ಲ. ಇವಳು ಮೇಲಿನವನ ಜೊತೆ ಸಂಸಾರ ಹೂಡಿದ್ದಾಳೆ, ಕೆಳಗಿನ ಮನೆಯಲ್ಲಿ ವಾಸವಿಲ್ಲ ಎಂದು ನ್ಯಾಯಾಲಯಕ್ಕೆ ಹೋದ. ಇಬ್ಬರೂ ಒಳ್ಳೆಯ ಬಟ್ಟೆ ತೊಟ್ಟು ಸಾಕ್ಷಿ ಹೇಳಲು ಹೋದರು.

"ಈಕೆ ನಿಮಗೆ ಏನಾಗಬೇಕು?" ಎಂದು ಮಾಲೀಕನ ವಕೀಲ ಸಿಡ್ನಿಯನ್ನು ಕೇಳಿದ.

"ಏನೂ ಆಗ್ಬೇಕಿಲ್ಲ ಸ್ವಾಮಿ. ನಾಲ್ಕನೇ ಮಹಡಿಯ ನೆರೆಯವಳು. ಒಂದೊಂದ್ಸಲ ಸೂಪು ಕೊಡ್ತಾಳೆ. ಉಪ್ಪು ಜಾಸ್ತಿ."

ನ್ಯಾಯಾಧೀಶರೇ ನಕ್ಕುಬಿಟ್ಟರು. ಇರ್ಮಾಳೂ ಪ್ರಮಾಣ ಮಾಡಿ ಅದನ್ನೇ ಹೇಳಿದಳು. ಗೆದ್ದರು. ಕಟ್ಟಡದವರೆಲ್ಲ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಆ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೆ ಕ್ಲೀವ್‌ಲ್ಯಾಂಡಿನಿಂದ ಬಂದಿದ್ದ ತನ್ನ ಅಣ್ಣನ ಮಗಳು ಲೊರೇನಳ ಮುಂದೆ ಸಿಡ್ನಿ ಇಡೀ ಪ್ರಸಂಗವನ್ನು ಅಭಿನಯಿಸಿ ತೋರಿಸಿದ. ಇರ್ಮಾಳಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅಂಥ ಗೆಲುವಿಗೆ ಬೆಂಕಿ ಬೀಳಲಿ.

ಮುಂದೆ ಕೆಲವು ವರ್ಷಕ್ಕೆ ಸಿಡ್ನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಇರ್ಮಾ ದಿನವಿಡೀ ಆಸ್ಪತ್ರೆಯಲ್ಲಿ ಕೂತು, ಅವನಿಗೆ ಚಮಚದಲ್ಲಿ ಸೂಪು ಕುಡಿಸುತ್ತಿದ್ದಳು. ಅವಳಿಗೆ ಈಗ ಬೇಕಾಗಿದ್ದು ಒಂದೇ, ಅವನನ್ನು ತನ್ನ ಕೋಣೆಗೆ ಕರೆದೊಯ್ಯುವುದು. ಅವನ ಮನೆ ಹೋದರೆ ಹೋಗಲಿ. ಮಂಚ ಅವನಿಗೆ, ಸೋಫಾ ತನಗೆ. ಇಷ್ಟು ಸಲೀಸಾಗಿ ಹೊಳೆಯುವ ಮಾತು ಇಷ್ಟು ವರ್ಷ ಎಲ್ಲಿ ಸತ್ತಿತ್ತೋ!

ಲೊರೇನ್ ಬಂದಿಳಿದಳು. ಕೆಟ್ಟವಳಲ್ಲ, ಅವಸರದವಳು. ವಾರ್ಡಿನ ಹೊರಗೆ ಇರ್ಮಾ ಅವಳ ತೋಳು ಹಿಡಿದಳು.

"ಅವನನ್ನ ನಾನು ಮನೆಗೆ ಕರ್ಕೊಂಡು ಹೋಗ್ತೀನಮ್ಮ."

"ಡಾಕ್ಟರು ಮನೆಯವರ ಸಹಿ ಕೇಳ್ತಿದಾರೆ ಇರ್ಮಾ. ನಮ್ಮೂರಲ್ಲೇ ಒಂದು ಒಳ್ಳೇ ವೃದ್ಧಾಶ್ರಮ ಗೊತ್ತು ಮಾಡಿದೀನಿ."

"ನಾನೇ ಅವನ ಮನೆಯವಳು!"

"ಹಾಗಂತ ಎಲ್ಲಿದೆ ಹೇಳಿ? ನೀವು ಏನೂ ಆಗ್ಬೇಕಿಲ್ಲ ಅಂತ ಚಿಕ್ಕಪ್ಪನೇ ಕೋರ್ಟಲ್ಲಿ ಪ್ರಮಾಣ ಮಾಡಿದಾರೆ. ನೀವೂ ಮಾಡಿದೀರಿ. ನನ್ನೆದುರಿಗೇ ಇಬ್ರೂ ಬಿದ್ದು ಬಿದ್ದು ನಗ್ಲಿಲ್ವಾ?"

"ಮನೆ ಉಳಿಸ್ಕೊಳ್ಳೋಕೆ ಹೇಳಿದ್ದು ಕಣೇ ಅದು! ಸುಳ್ಳು!"

"ಸರಿ, ಹಾಗಿದ್ರೆ ಬರ್ಕೊಡಿ. ಒಟ್ಟಿಗೆ ಸಂಸಾರ ಮಾಡ್ತಿದ್ವಿ, ಕೋರ್ಟಲ್ಲಿ ಹೇಳಿದ್ದು ಸುಳ್ಳು ಅಂತ. ಡಾಕ್ಟರಿಗೆ ತೋರಿಸ್ತೀನಿ. ನಾನು ಅಡ್ಡ ಬರಲ್ಲ."

ಇರ್ಮಾ ಲೆಕ್ಕ ಹಾಕಿದಳು. ಬರೆದುಕೊಟ್ಟರೆ ಅದು ಮಾಲೀಕನ ಕಿವಿಗೆ ಬೀಳದೆ ಇರುತ್ತದೆಯೇ? ಮನೆ ಹೋದ ಮೇಲೆ ಇವನನ್ನು ಎಲ್ಲಿಗೆ ಕರೆದೊಯ್ಯುವುದು? ಲೆಕ್ಕ ಸರಿಯಾಗಿಯೇ ಇತ್ತು. ಅವಳ ಲೆಕ್ಕ ಎಂದೂ ತಪ್ಪಿದ್ದಿಲ್ಲ.

"ನಾಳೆ ಹೇಳ್ತೀನಿ," ಎಂದಳು.

ಹೊರಡುವಾಗ ಸಿಡ್ನಿ ಎಡಗೈಯಿಂದ ಅವಳ ಮಣಿಕಟ್ಟು ಹಿಡಿದ. ಬಿಡಲೇ ಇಲ್ಲ. ಒಂದೊಂದೇ ಬೆರಳು ಬಿಡಿಸಿ, "ನಾಳೆ ಬರ್ತೀನಿ ಕಣೋ," ಎಂದು ಬಸ್ಸು ಹತ್ತಿದಳು.

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಗಾಗುವಷ್ಟರಲ್ಲಿ, ಹಾಳಾಗಿ ಹೋಗಲಿ, ಬರೆದೇ ಕೊಡುತ್ತೇನೆ ಎಂದು ಗಟ್ಟಿ ಮಾಡಿಕೊಂಡು ಆಸ್ಪತ್ರೆಗೆ ಹೋದಳು. ಅವನ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದರು. ಬೆಳಗ್ಗೆಯೇ ಆಂಬುಲೆನ್ಸು ಬಂತು ಎಂದಳು ನರ್ಸು. ಕ್ಲೀವ್‌ಲ್ಯಾಂಡಿನ ಯಾವ ಆಶ್ರಮ ಎಂದು ಕೇಳಿದರೆ, "ಅದನ್ನ ಮನೆಯವರಿಗೆ ಮಾತ್ರ ಹೇಳೋದು," ಎಂದಳು.

ವಸಂತದಲ್ಲಿ ಲೊರೇನ್ ಫೋನು ಮಾಡಿದಳು. ಮಣ್ಣು ಮಾಡಿ ಆಗಿತ್ತು.

ನಡೆದದ್ದೆಲ್ಲ ಕೇಳಿ ತಿಳಿದಿದ್ದ ಮೂರನೇ ಮಹಡಿಯ ಮಿಸೆಸ್ ಒಸ್ಟ್ರೊ ಲಿಫ್ಟಿನಲ್ಲಿ ಸಿಕ್ಕಿ ಇರ್ಮಾಳ ಭುಜ ತಟ್ಟಿದಳು. "ಪಾಪ, ಒಳ್ಳೇ ಮನುಷ್ಯ. ಆದ್ರೂ ನೀನು ಬರ್ಕೊಡದೆ ಇದ್ದಿದ್ದೇ ಒಳ್ಳೇದಾಯ್ತು ಬಿಡು. ಮನೆಯಾದ್ರೂ ಉಳೀತಲ್ಲ!"

ಆ ಹೆಂಗಸಿನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು ಇರ್ಮಾಳಿಗೆ.

"ಹೂಂ," ಎಂದಳು. "ಅದೊಂದು ಪುಣ್ಯ."