ಮೇಲಿನ ಮೆಟ್ಟಿಲಿನ ತಲೆ

ಐದಕ್ಕೆ ಎದ್ದು ನೀರು ತುಂಬಿದ್ದು. ಹಣಿಗೆ, ಸೀರಣಿಗೆಗಳನ್ನು ಕುದಿಯುವ ನೀರಿಗೆ ಹಾಕಿದ್ದು. ಮೂರು ದಿಂಬಿನ ಗವಸು, ಎರಡು ಚಾದರ, ಮಗಳ ರಿಬ್ಬನ್ನು ಬಿಸಿನೀರಲ್ಲಿ ನೆನೆಸಿದ್ದು. ರೊಟ್ಟಿ ಬಡಿದು ಮೂರು ಡಬ್ಬಿ ಕಟ್ಟಿದ್ದು. ಅತ್ತೆಗೆ ಬಿಪಿ ಗುಳಿಗೆ ಕೊಟ್ಟಿದ್ದು. ಮಗಳ ಜೊತೆ ಶಾಲೆಗೆ ಹೋಗಿ ಟೀಚರು ಅವಳ ತಲೆ ನೋಡಿ ಮುಗಿಸುವ ತನಕ ನಿಂತದ್ದು. ಕಾಲೇಜಿಗೆ ತಡವಾಗಿ ಹೋಗಿ ಬೈಸಿಕೊಂಡದ್ದು. ಒಂದು ತಟ್ಟೆ ಸ್ಲೈಡು ಒರೆಸಿದ್ದು. ಬರುವಾಗ ಮೆಂತ್ಯದ ಸಿವುಡು, ಅರ್ಧ ಕಿಲೋ ಕಡಲೆಹಿಟ್ಟು ತಂದದ್ದು. ಸಂಜೆ ಮೂರು ತಲೆ ಬಾಚಿದ್ದು.

ಸೋಮವಾರದ ಈ ಕೆಲಸಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎಳ್ಳಿನ ಕಾಳಿನಷ್ಟಿರುವ ಒಂದು ಹುಳುವಿನ ಸಲುವಾಗಿ. ಎರಡು ತಿಂಗಳಿಂದ ನನಗೆ ಇದೇ ನೌಕರಿಯಾಗಿದೆ. ಸಂಬಳದ ನೌಕರಿ ಬೇರೆ.

ನನ್ನ ಮಗಳು ಎಂಟನೇ ಇಯತ್ತೆಯಲ್ಲಿದ್ದಾಳೆ. ಖೋ ಖೋ ಆಡುತ್ತಾಳೆ, ಚೆನ್ನಾಗಿಯೇ ಆಡುತ್ತಾಳೆ. ಜಡೆ ಸೊಂಟದ ತನಕ ಇದೆ. ಓಡುವಾಗ ಅದನ್ನು ಎರಡು ಸುತ್ತು ಸುತ್ತಿ ಕಟ್ಟುತ್ತಾಳೆ. ಈ ಬುಧವಾರ ಶಾಲೆಯ ತಂಡ ಮೂರು ದಿನದ ಪಂದ್ಯಕ್ಕೆ ಧಾರವಾಡಕ್ಕೆ ಹೋಗಬೇಕು. ಹನ್ನೆರಡು ಹುಡುಗಿಯರು ಒಂದೇ ಹಾಲಿನಲ್ಲಿ ಮಲಗಬೇಕು. ಹೋದ ವಾರ ಆಟದ ಟೀಚರು ಇವಳ ಕಿವಿಯ ಹಿಂದೆ ಒಂದು ಹೇನು ಹರಿದಾಡುವುದನ್ನು ನೋಡಿ ನನ್ನನ್ನು ಕರೆಸಿದರು.

"ನೋಡ್ರಿ ಬಾಯಾರ, ತಲ್ಯಾಗ ಹೇನಿದ್ದ ಹುಡುಗಿನ್ನ ನಾ ಕರಕೊಂಡ ಹೋಗಂಗಿಲ್ಲ. ಕೂದಲಾ ಕತ್ತರಿಸ್ಕೊಂಡ ಬರ್ಲಿ, ಇಲ್ಲಾ ಸೋಮವಾರ ಸ್ವಚ್ಛ ತಲಿ ತೋರಸ್ಲಿ."

ಮನೆಗೆ ಬರುವಾಗ ಮಗಳು ಬೆಳಗಾವಿಯ ಶಿವಬಸವ ನಗರದ ನಮ್ಮ ತಿರುವಿನಲ್ಲಿ ನಿಂತು, "ಕೂದಲಾ ಕತ್ತರಸೂದಿಲ್ಲ. ಆಟಾನೂ ಬಿಡೂದಿಲ್ಲ. ನೀ ಏನರೆ ಮಾಡು ಮಮ್ಮಿ" ಅಂದಳು.

ಏನು ಮಾಡಲಿ? ಎಲ್ಲ ಮಾಡಿದ್ದೆ. ನಾನು ಕಾಲೇಜೊಂದರ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್. ಹತ್ತೊಂಬತ್ತು ವರ್ಷ ಗೋಡೆಗೆ ಆತು ನಿಂತು ಅದೇ ಪಾಠ ಕೇಳಿದ್ದೇನೆ. ಹೇನಿಗೆ ರೆಕ್ಕೆ ಇಲ್ಲ, ಅದು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಕೂದಲಿಂದ ಕೂದಲಿಗೆ ನಡೆಯುತ್ತದೆ ಅಷ್ಟೆ. ಸ್ನಾನ ಮಾಡಿಸಿದರೆ ಉಸಿರಿನ ತೂತು ಮುಚ್ಚಿಕೊಂಡು ಸುಮ್ಮನೆ ಕೂಡುತ್ತದೆ, ಸಾಯುವುದಿಲ್ಲ. ಔಷಧಿ ಹಚ್ಚಿದರೆ ಹೇನು ಸಾಯುತ್ತದೆ, ಸೀರು ಉಳಿಯಬಹುದು. ಎಂಟು ಒಂಬತ್ತು ದಿನಕ್ಕೆ ಸೀರು ಒಡೆದು ಮರಿ ಬರುತ್ತದೆ, ಆದ್ದರಿಂದ ಒಂಬತ್ತನೇ ದಿನ ಮತ್ತೊಮ್ಮೆ ಹಚ್ಚಬೇಕು. ಇವೆಲ್ಲ ನನಗೆ ಬಾಯಿಪಾಠ. ಹಾಗೇ ಮಾಡಿದೆ. ಎರಡು ಸಲ ತಲೆ ಸ್ವಚ್ಛವಾಯಿತು. ಎರಡು ಸಲವೂ ಮತ್ತೆ ಬಂದವು. ಏನೂ ಗೊತ್ತಿಲ್ಲದವರು ಸೋತರೆ ಒಂದು ಮಾತು; ಎಲ್ಲ ಗೊತ್ತಿದ್ದು ಸೋಲುವಾಗ ಮೈಯೆಲ್ಲ ಉರಿಯುತ್ತದೆ.

ಉರಿಯಲ್ಲಿ ಮೊದಲು ಪಕ್ಕದ ಮನೆಯವರನ್ನು ಹಿಡಿದೆ. ಅವರ ಹುಡುಗಿ ಇವಳ ಜೊತೆ ಒಂದೇ ಆಟೋದಲ್ಲಿ ಹೋಗುತ್ತಾಳೆ. "ನಿಮ್ಮ ಹುಡುಗಿ ತಲಿ ಒಮ್ಮೆ ನೋಡ್ರೆಲಾ" ಅಂದೆ, ಮೆತ್ತಗೇ ಅಂದೆ. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ನಿಮ್ಮ ಹುಡುಗಿ ತಲಿ ಏನು ತುಳಸಿ ಕಟ್ಟಿ ಏನ್ರಿ? ನಮ್ಮಕಿ ತಲಿ ಅಷ್ಟ ತಿಪ್ಪಿ?" ಅಂದರು. ಅವತ್ತಿಂದ ಮಾತಿಲ್ಲ. ಆಮೇಲೆ ಆ ಹುಡುಗಿಯೇ ನಮ್ಮ ಮಗಳ ಹತ್ತಿರ ಬಂದು ತಲೆ ಬಿಚ್ಚಿ ತೋರಿಸಿತು. ಒಂದು ಸೀರೂ ಇರಲಿಲ್ಲ.

ಗುರುವಾರ ಮಗಳ ತಲೆಯಿಂದ ತೆಗೆದ ಒಂದು ಹೇನನ್ನು ಸಣ್ಣ ಬಾಟಲಿಯಲ್ಲಿ ಹಾಕಿಕೊಂಡು ಕಾಲೇಜಿಗೆ ಒಯ್ದೆ. ಯಾಕೆ ಒಯ್ದೆನೋ ಗೊತ್ತಿಲ್ಲ. ಕಳ್ಳನನ್ನು ಠಾಣೆಗೆ ಒಯ್ದ ಹಾಗೆ. ನಮ್ಮ ಪ್ರಾಣಿಶಾಸ್ತ್ರದ ಸರ್‌ಗೆ ಭಾರೀ ಖುಷಿಯಾಯಿತು. ಪ್ರಯೋಗಕ್ಕೆ ಸತ್ತು ಒಣಗಿದವೇ ಸಿಗುತ್ತವೆ, ಜೀವಂತ ಯಾರು ತಂದುಕೊಡುತ್ತಾರೆ! ಅವರು ಅದನ್ನು ಬಿಳಿ ಕಾಗದದ ಮೇಲೆ ಬಿಟ್ಟು ಅರ್ಧ ಕಾಗದಕ್ಕೆ ಕರಿ ರಟ್ಟು ಮುಚ್ಚಿದರು. ಹೇನು ಸ್ವಲ್ಪ ಹೊತ್ತು ತಡಬಡಿಸಿ ಕತ್ತಲೆಯ ಕಡೆ ನಡೆಯಿತು. ಬೆಳಕಿಗೆ ಎಳೆದು ತಂದರು. ಮತ್ತೆ ಕತ್ತಲೆಗೆ ಹೋಯಿತು.

"ಕಣ್ಣು ಹೆಸರಿಗಷ್ಟ ಅಕ್ಕಾರ. ಬೆಳಕು ಯಾವದು, ಕತ್ತಲಿ ಯಾವದು, ಇಷ್ಟ ಗೊತ್ತಾಗ್ತದ. ಉಳದದ್ದೆಲ್ಲಾ ಮೀಸಿ ಮ್ಯಾಲ. ಬೆರಳು ತೋರಸ್ರಿ ಸ್ವಲ್ಪ."

ನಾನು ತೋರುಬೆರಳನ್ನು ಹತ್ತಿರ ಹಿಡಿದೆ, ಮುಟ್ಟಿಸಲಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದರ ಎರಡು ಕುಡಿಮೀಸೆಗಳು ಐದೈದು ಮಣಿ ಪೋಣಿಸಿದ ಹಾಗೆ. ಆಚೆ ಈಚೆ ಆಡುತ್ತಿದ್ದ ಅವು ನನ್ನ ಬೆರಳಿನ ಕಡೆ ತಿರುಗಿ ನಿಂತವು. ಬಿಸಿ, ಬೆವರಿನ ವಾಸನೆ, ತೇವ ಎಲ್ಲ ಅಲ್ಲಿಂದಲೇ ತಿಳಿಯುತ್ತದಂತೆ. ಮುಂದಿನ ಕಾಲಿನ ಉಗುರು ಮಡಚಿದರೆ ಸರಿಯಾಗಿ ಒಂದು ಕೂದಲು ಹಿಡಿಯುವಷ್ಟು ಜಾಗ. ನಮ್ಮನ್ನು ನೋಡದೆಯೇ ನಾವು ಎಲ್ಲಿದ್ದೇವೆಂದು ಗೊತ್ತು ಅದಕ್ಕೆ. ಕಣ್ಣಿದ್ದ ನನಗೆ ಅದು ಎಲ್ಲಿಂದ ಬರುತ್ತದೆಂದು ಗೊತ್ತಿಲ್ಲ.

"ತಲಿ ಬಿಟ್ಟರ ಒಂದೆರಡು ದಿನದಾಗ ಸಾಯ್ತದ ಇದು. ಅಂದಮ್ಯಾಲ ತಲಿಯಿಂದನ ತಲಿಗೆ ಬಂದದ್ದು" ಅಂದರು ಸರ್. "ಮನ್ಯಾಗ ಎಷ್ಟು ತಲಿ ನೋಡೀರಿ?"

"ಒಂದ ರೀ. ಮಗಳದು."

"ಆಕಿ ತಲಿಗೆ ತಾಗೂ ತಲಿ ಎಷ್ಟು?"

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಗಂಡನ ತಲೆ ಬೋಳು. ಆಟೋದ ಹುಡುಗಿಯದು ಸ್ವಚ್ಛ. ಆಮೇಲೆ ಖಾನಾಪುರ ನೆನಪಾಯಿತು. ಶನಿವಾರ ಶಾಲೆ ಬಿಟ್ಟ ಕೂಡಲೇ ಮಗಳು ಖಾನಾಪುರದ ಬಸ್ಸು ಹತ್ತುತ್ತಾಳೆ. ಅಲ್ಲಿ ನನ್ನ ಮೈದುನನ ಮನೆ, ಅತ್ತೆ ಇರುವುದು ಅಲ್ಲೇ. ಅಜ್ಜಿ ಮೊಮ್ಮಗಳು ಒಂದೇ ಹಾಸಿಗೆ, ಒಂದೇ ದಿಂಬು. ಅತ್ತೆಯ ಕೂದಲು ಹತ್ತಿಯಷ್ಟು ಬಿಳಿ. ಸೀರೂ ಬಿಳಿ. ಯಾರಿಗೆ ಕಂಡೀತು?

ಗಂಡನಿಗೆ ಹೇಳಿದೆ. ಅವರು ಮಚ್ಛೆ ಊರಿನ ಕಾರ್ಖಾನೆಯಿಂದ ಬಂದು ಚಹಾ ಕುಡಿಯುತ್ತಿದ್ದರು.

"ನಮ್ಮವ್ವನ ತಲ್ಯಾಗ ಹೇನ? ಇದನ್ನ ಆಕಿಗೆ ಹೇಳವ್ರು ಯಾರು?"

"ನಿಮ್ಮ ಅವ್ವ. ನೀವ ಹೇಳ್ರಿ."

"ನನಗ ಐತವಾರ ಡ್ಯೂಟಿ ಐತಿ."

ಹೋದ ಭಾನುವಾರ ಡ್ಯೂಟಿ ಇರಲಿಲ್ಲ. ಮುಂದಿನ ಭಾನುವಾರವೂ ಇರುವುದಿಲ್ಲ.

ಆ ಮನೆಯ ಪದ್ಧತಿ ಹೇಳಬೇಕು. ಖಾನಾಪುರದ ಮನೆಯ ಮುಂದೆ ಮೂರು ಕಲ್ಲಿನ ಮೆಟ್ಟಿಲಿವೆ. ಊಟ ಮುಗಿದ ಮೇಲೆ ಅತ್ತೆ ಮೇಲಿನ ಮೆಟ್ಟಿಲಲ್ಲಿ ಕೂಡುತ್ತಾರೆ. ತಲೆ ನೋಡಿಸಿಕೊಳ್ಳುವವರು ಕೆಳಗಿನ ಮೆಟ್ಟಿಲಲ್ಲಿ, ಅವರ ಮೊಣಕಾಲಿನ ನಡುವೆ. ಹೆಣ್ಣುಮಕ್ಕಳು, ಮೊಮ್ಮಕ್ಕಳು, ಮದುವೆಯಾದ ಹೊಸದರಲ್ಲಿ ನಾನು, ಮೈದುನನ ಹೆಂಡತಿಯಾದ ನನ್ನ ನೆಗೆಣ್ಣಿ ಎಲ್ಲರೂ ಅಲ್ಲಿ ಕೂತವರೇ. ಮೇಲೆ ಕೂತವರ ತಲೆಯನ್ನು ಯಾರೂ ನೋಡುವುದಿಲ್ಲ. ನೋಡಬೇಕೆಂದರೆ ಅತ್ತೆ ಕೆಳಗೆ ಕೂಡಬೇಕು, ಸೊಸೆ ಮೇಲೆ. ಅದು ಹೇಗಾದೀತು?

ಭಾನುವಾರ ಬೆಳಿಗ್ಗೆ ಔಷಧಿ, ಸೀರಣಿಗೆ ಚೀಲದಲ್ಲಿಟ್ಟುಕೊಂಡು ಖಾನಾಪುರಕ್ಕೆ ಹೋದೆ. ಮಗಳು ಹಿಂದಿನ ದಿನವೇ ಹೋಗಿದ್ದಳು, ಬೇಡವೆಂದರೂ ಕೇಳಿರಲಿಲ್ಲ. ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ: ಎಲ್ಲರ ತಲೆಯನ್ನೂ ಒಂದೇ ದಿನ ನೋಡಬೇಕು, ಯಾರ ತಪ್ಪೂ ಅಲ್ಲ. ಬಾಗಿಲಲ್ಲಿ ಹಾಗೇ ಹೇಳಿದೆ.

ನೆಗೆಣ್ಣಿ ಕೈಯಲ್ಲಿದ್ದ ಸೌಟು ಹಾಗೇ ಹಿಡಿದು ನಿಂತಳು. "ಅಂದ್ರ ನಮ್ಮ ಮನ್ಯಾಗಿಂದ ಬಂದಾವು ಅಂತೀರಿ."

"ಹಂಗಲ್ಲವಾ."

"ಹಂಗ ಅದ. ಬೆಳಗಾವಿ ಅಂದ್ರ ಸ್ವಚ್ಛ, ಖಾನಾಪುರ ಅಂದ್ರ ಹೇನು. ಘಾಸಲೇಟ್ ಹಚ್ಚಿ ತಲಿ ಕಟ್ರಿ, ಒಂದ ರಾತ್ರ್ಯಾಗ ಹೋಗ್ತಾವು."

"ಚಿಮಣಿ ಎಣ್ಣಿ ಬ್ಯಾಡ. ತಲಿ ಚರ್ಮ ಸುಡ್ತದ, ಒಲಿ ಹಂತ್ಯಾಕ ಹೋದ್ರ ಬೆಂಕಿ ಹತ್ತತದ."

ಅತ್ತೆ ಮೇಲಿನ ಮೆಟ್ಟಿಲಿನಿಂದಲೇ ಕೇಳಿಸಿಕೊಂಡರು. ಅವರ ಬಾಲ್ಯವೆಲ್ಲ ಕುರಿ ಹಿಂಡಿನ ಹಿಂದೆ ಕಳೆದದ್ದು. "ಕುರಿ ಹೇನು, ಕೋಳಿ ಹೇನು, ಕಂಬಳಿ ಹೇನು ಎಲ್ಲಾ ನೋಡೇನಿ ನಾ. ಹುಡುಗಿಗೆ ನೀ ಬರೇ ಓದು ಓದು ಅಂತೀ. ಚಿಂತಿ ಮಾಡಿದ್ರ ತಲ್ಯಾಗ ಹೇನು ಬೀಳ್ತಾವು."

"ಚಿಂತಿಗೆ ಬೀಳೂದಿಲ್ಲತ್ತಿ. ಕುರಿ ಹೇನು ಕುರಿ ಮ್ಯಾಲ ಅಷ್ಟ ಬದಕ್ತದ. ಇದು ಮನಷ್ಯಾಂದು, ಮನಷ್ಯಾರಿಂದನ ಬರ್ತದ."

"ನನಗಿದ್ರ ತುರಸಬೇಕಲಾ? ಎಂದಾದ್ರೂ ತುರಸೇನೇನು ನಾ?"

ನಾನು ತಾಳ್ಮೆಯಿಂದ ಹೇಳಿದೆ. ತುರಿಕೆ ಬರುವುದು ಕಡಿತಕ್ಕಲ್ಲ, ಹೇನು ರಕ್ತ ಹೆಪ್ಪುಗಟ್ಟದಂತೆ ಬಿಡುವ ಜೊಲ್ಲಿಗೆ. ಕೆಲವರ ಮೈಗೆ ಅದು ವಾರಗಟ್ಟಲೆ ತಿಳಿಯುವುದಿಲ್ಲ, ಕೆಲವರಿಗೆ ಎಂದೂ ತಿಳಿಯುವುದಿಲ್ಲ. ತುರಿಸುವುದಿಲ್ಲ ಅಂದರೆ ಇಲ್ಲ ಅಂತಲ್ಲ.

ಅತ್ತೆ ಅಡಕೆ ಕಡಿಯುವುದನ್ನು ನಿಲ್ಲಿಸಿದರು. "ಹಂಗಾರ ನಿನಗ ತುರಸ್ತದೇನು?"

"ಇಲ್ಲ."

"ನಿನ್ನ ತಲಿ ಯಾರರೆ ನೋಡ್ಯಾರೇನು?"

ಎರಡು ತಿಂಗಳು ದಿನಾ ಮಗಳ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು, ಮುಖ ತಗ್ಗಿಸಿ, ನನ್ನ ಕೂದಲು ಅವಳ ಕೂದಲಿಗೆ ತಾಗುವಷ್ಟು ಬಗ್ಗಿ ಹುಡುಕಿದ್ದೇನೆ. ನನ್ನದನ್ನು ಯಾರು ನೋಡಬೇಕು? ಬೋಳುತಲೆಯ ಗಂಡನೇ?

"ಬಾ, ಕುಂದ್ರು."

ಕೂತೆ. ಸಿಟ್ಟಿನಿಂದಲೇ ಕೂತೆ. ಮದುವೆಯಾದ ವರ್ಷದ ನಂತರ ಆ ಮೆಟ್ಟಿಲಲ್ಲಿ ಕೂತಿರಲಿಲ್ಲ. ಅತ್ತೆಗೆ ಒಂದು ಕಣ್ಣು ಮಂಜು, ಇನ್ನೊಂದಕ್ಕೆ ಆಪರೇಷನ್ ಆಗಿದೆ. ಅವರು ನೋಡುವುದಿಲ್ಲ, ಮುಟ್ಟುತ್ತಾರೆ. ಎರಡು ಹೆಬ್ಬೆರಳು ಬೈತಲೆಯಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಕುತ್ತಿಗೆಯ ಕುಳಿಗೆ ಸರಿದವು. ಹಿಂದೆ ಉಗುರಿನ ಮೇಲೆ ಚಟ್ ಎಂದಿತು.

"ಒಂದು" ಅಂದರು.

ಸ್ವಲ್ಪ ಹೊತ್ತಿಗೆ ಮತ್ತೆ ಚಟ್. ಎರಡನೆಯದನ್ನು ಎಣಿಸಲಿಲ್ಲ ಅವರು. ನೆಗೆಣ್ಣಿ ಎಣಿಸಿದಳು. "ಎರಡು! ಕಾಲೇಜಿನ್ಯಾಗ ಹಾಲು ಹಾಕಿ ಸಾಕೀರೇನ್ರಿ ಅಕ್ಕಾ?" ಎಂದು ನಗುನಗುತ್ತ ಒಳಗೆ ಹೋದಳು. ಮಗಳು ಕಂಬಕ್ಕೆ ಒರಗಿ ನಗು ತಡೆಯಲು ಜಡೆಯನ್ನೇ ಬಾಯಲ್ಲಿ ಕಚ್ಚಿಕೊಂಡಿದ್ದಳು. ಹತ್ತೊಂಬತ್ತು ವರ್ಷದ ಪಾಠ ನನ್ನ ಕಿವಿಯಲ್ಲಿ ಬಿಸಿಯಾಗಿ ಇಳಿಯಿತು.

ಅತ್ತೆ ಮಾತ್ರ ನಗಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡರು. ಆಮೇಲೆ ಗೋಡೆ ಹಿಡಿದು ಎದ್ದರು, ಮೊಣಕಾಲು ಕಟಕ್ಕೆಂದಿತು. ನನ್ನ ಭುಜದ ಮೇಲೆ ಕೈಯೂರಿ, ನನ್ನನ್ನು ದಾಟಿ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಕೂತು ತುರುಬು ಬಿಚ್ಚಿದರು.

"ನೋಡು. ಖರೇ ಏನಿದ್ರೂ ಹೇಳು."

ನೋಡಿದೆ. ಮೊದಲು ಏನೂ ಕಾಣಲಿಲ್ಲ. ಬಿಸಿಲಿಗೆ ತಿರುಗಿಸಿ ಬೇರು ಬಿಡಿಸಿದ ಮೇಲೆ ಕಂಡವು: ಕಿವಿಯ ಹಿಂದೆ, ಚರ್ಮಕ್ಕೆ ಅಂಟಿದಂತೆ ಸಾಲು ಸಾಲು, ಬೆಳಕಿಗೆ ಹೆದರಿ ಒಳಕ್ಕೆ ಸರಿಯುವವು ಬೇರೆ. ಎಣಿಸಲಿಲ್ಲ. "ಅದಾವತ್ತಿ" ಅಂದೆ. "ಹಂ" ಅಂದರು. ಅವರ ಕುತ್ತಿಗೆ ಇಷ್ಟು ಸಣ್ಣಗಿದೆಯೆಂದು ನನಗೆ ಗೊತ್ತಿರಲಿಲ್ಲ. ನನ್ನಿಂದ ಅವರಿಗೆ ಹೋದವೋ, ಅವರಿಂದ ನನಗೆ ಬಂದವೋ, ಅದನ್ನು ಅವರೂ ಕೇಳಲಿಲ್ಲ.

ಮೂವರ ತಲೆಗೂ ಒಟ್ಟಿಗೆ ಔಷಧಿ ಹಚ್ಚಿ ತೊಳೆದೆ. ನೆಗೆಣ್ಣಿ ಮಾತ್ರ "ನಂದು ನಾ ನೋಡ್ಕೋತೀನಿ" ಅಂದಳು. ಕನ್ನಡಿಯಲ್ಲಿ ತನ್ನ ಹಿಂದಲೆಯನ್ನು ಯಾರು ನೋಡಿಕೊಳ್ಳಬಲ್ಲರು? ಎಷ್ಟು ಹೇಳಿದರೂ ಕೂಡಲಿಲ್ಲ. ಆ ಒಂದು ತಲೆ ಇನ್ನೂ ನನ್ನ ತಲೆಯೊಳಗೇ ಇದೆ.

ಇನ್ನು ಮಗಳ ಜಡೆಯಲ್ಲಿ ಹಳೆಯ ಖಾಲಿ ಸೀರುಗಳು. ಅವು ಸತ್ತ ಸಿಪ್ಪೆಗಳು, ಆದರೆ ಟೀಚರಿಗೆ ಸತ್ತದ್ದೂ ಒಂದೇ, ಬದುಕಿದ್ದೂ ಒಂದೇ. ಸೀರಣಿಗೆಗೂ ಬರುವುದಿಲ್ಲ, ಅಂಥಾ ಗೋಂದು. ಒಂದೊಂದು ಕೂದಲನ್ನು ಎರಡು ಉಗುರಿನ ನಡುವೆ ಹಿಡಿದು ತುದಿಯ ತನಕ ಎಳೆದು ತೆಗೆಯಬೇಕು. ನನ್ನ ಉಗುರು ಸ್ಲೈಡು ತೊಳೆದು ಸವೆದಿವೆ. ಅತ್ತೆ ಮಗಳನ್ನು ಕೂರಿಸಿಕೊಂಡರು. ಊಟದ ಮೇಲೆ ಶುರು ಮಾಡಿ ನಾಲ್ಕರ ತನಕ ಅರ್ಧ ತಲೆ ಮುಗಿಯಿತು. ಬಸ್ಸಿಗೆ ಹೊತ್ತಾಯಿತು, ನನಗೆ ಅಳು ಬರುವುದೊಂದು ಬಾಕಿ.

ಅತ್ತೆ ಒಳಗೆ ಹೋಗಿ ಚೀಲ ಹಿಡಿದು ಬಂದರು. ಎರಡು ಸೀರೆ, ಗುಳಿಗೆ ಡಬ್ಬಿ, ಅಡಕತ್ತರಿ. "ಉಳದದ್ದು ಬಸ್ಸಿನ್ಯಾಗ ತಗೀತೀನಿ. ಒಂಬತ್ತನೇ ದಿನಾ ಮತ್ತ ಹಚ್ಚಬೇಕಂತೀ. ಅಲ್ಲೀತನಾ ನಿನ್ನ ತಲಿ ಯಾರು ನೋಡವ್ರು?"

ಬಸ್ಸಿನಲ್ಲಿ ಮೊಮ್ಮಗಳ ತಲೆ ಅವರ ತೊಡೆಯ ಮೇಲೆ. ಎದುರಿನ ಸೀಟಿನ ಹೆಂಗಸು ಸ್ವಲ್ಪ ಹೊತ್ತು ನೋಡಿದಳು, ದೇಸೂರ ಬರುವಷ್ಟರಲ್ಲಿ ಎದ್ದು ಮುಂದೆ ಹೋಗಿ ನಿಂತಳು. ಅತ್ತೆ ತಲೆಯೆತ್ತದೆ, "ನಿಂದರ್ಲಿ ಬಿಡು, ನಮಗ ಜಾಗಾ ಆತು" ಅಂದರು.

ಇವತ್ತು ಬೆಳಿಗ್ಗೆ ಟೀಚರು ಪೆನ್ಸಿಲಿನಿಂದ ಮಗಳ ಕೂದಲು ಬಿಡಿಸಿ ನೋಡಿದರು. ಕೊನೆಗೆ ಒಂದು ಬಿಳಿ ಚುಕ್ಕೆ ಸಿಕ್ಕಿತು. "ಇದೇನ್ರಿ?"

"ಖಾಲಿ ಸಿಪ್ಪಿ ರೀ ಟೀಚರ. ಹೇನು ಚರ್ಮದ ಬುಡಕ್ಕ ತತ್ತಿ ಇಡ್ತದ. ಇದು ಬುಡದಿಂದ ಎರಡು ಬೆರಳು ದೂರ ಅದ, ಅಂದ್ರ ಕೂದಲಾ ಬೆಳದು ಹೊರಗ ಬಂದದ್ದು. ಎರಡು ತಿಂಗಳ ಹಿಂದಿಂದು."

"ನೀವೇನು ಡಾಕ್ಟರೇನ್ರಿ?"

"ಅಲ್ಲರಿ. ಅಟೆಂಡರ್."

ಮಗಳು ನನ್ನ ಕೈಯನ್ನು ನೋಯುವಷ್ಟು ಹಿಡಿದಿದ್ದಳು. ಟೀಚರು ಆ ಒಂದು ಕೂದಲನ್ನು ಬೆಳಕಿಗೆ ಹಿಡಿದು ನೋಡಿ, ಬುಡವನ್ನೂ ಇನ್ನೊಮ್ಮೆ ನೋಡಿದರು. "ಬುಧವಾರ ಆರಕ್ಕ ಕಳಸ್ರಿ. ತನ್ನ ಹಾಸಿಗಿ ತಾನ ತರ್ಲಿ" ಎಂದು, ಅದೇ ಪೆನ್ಸಿಲಿನಿಂದ ತಮ್ಮ ಕಿವಿಯ ಹಿಂದೆ ಕೆರೆದುಕೊಂಡರು. ನಾನು ಆ ಪೆನ್ಸಿಲನ್ನೊಮ್ಮೆ ನೋಡಿ ಕಾಲೇಜಿನ ಬಸ್ಸು ಹಿಡಿದೆ.

ಸಂಜೆ ಮೆಂತ್ಯದ ಪಲ್ಯ, ಝುಣಕ, ರೊಟ್ಟಿ. ಅತ್ತೆ ಝುಣಕಕ್ಕೆ ಉಪ್ಪು ಕಡಿಮೆ ಅಂದರು, ಮಗಳು ಖಾರ ಜಾಸ್ತಿ ಅಂದಳು. ತಟ್ಟೆ ಎರಡೂ ಖಾಲಿಯಾದವು. ಗಂಡನಿಗೆ ಎರಡನೇ ಪಾಳಿ, ಅವರ ಪಾಲು ಮುಚ್ಚಿಟ್ಟೆ. ಒಂಬತ್ತನೇ ದಿನದ ತನಕ ಅಜ್ಜಿ ಮೊಮ್ಮಗಳು ಒಂದೇ ದಿಂಬು ಕೂಡದೆಂದು ಎರಡು ಹಾಸಿಗೆಗಳ ನಡುವೆ ಮೊಳದಷ್ಟು ನೆಲ ಬಿಟ್ಟೆ. ಹೇನು ಜಿಗಿಯುವುದಿಲ್ಲ, ಇಷ್ಟು ಸಾಕು. ಮೊದಲು ನಿದ್ದೆ ಹೋದವರು ಅತ್ತೆ. ನಿದ್ದೆಯಲ್ಲೇ ಅವರ ಕೈ ನೆಲ ದಾಟಿ ಹೋಗಿ ಮಗಳ ಜಡೆ ಹುಡುಕಿತು. ನಾನು ಎದ್ದು ಆ ಕೈಯನ್ನು ಜಡೆಯಿಂದ ಬಿಡಿಸಿದೆ. ಮಗಳು ಇನ್ನೂ ಎಚ್ಚರವಿದ್ದಳು; ಅಂಗೈ ಚಾಚಿ ಅಜ್ಜಿಯ ಕೈಯನ್ನು ಇಸಿದುಕೊಂಡಳು.