ಗಾಮಾ ಇಲ್ಲದ ದಿಬ್ಬ

ನಮ್ಮ ಫಿಜಿಕ್ಸ್ ಸರ್ ಬಲಗೈ ಹೆಬ್ಬೆರಳಿನ ಉಗುರು ಉದ್ದ ಬಿಟ್ಟಿದ್ದರು. ಗ್ರಾಫಿನ ಮೇಲೆ ಗುರುತು ಹಾಕುವುದೆಲ್ಲ ಅದರಿಂದಲೇ. "ಪೆನ್ನಿಂದ ಗೀಚಿದ್ರ ಅದು ಖರೇನ ಅಂತ ನಂಬಾಕ ಹತ್ತತೀವಿ," ಎನ್ನುತ್ತಿದ್ದರು. ಕಲಘಟಗಿಯ ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು. ನಿವೃತ್ತರಾದ ಮೇಲೆ ಬಮ್ಮಿಗಟ್ಟಿಯಲ್ಲಿ ಭತ್ತ ಬೆಳೆಯುತ್ತಿದ್ದರು. ನಾನು ಪಿಎಚ್.ಡಿ.ಗೆ ಸೇರಿದ ಮೇಲೂ ರಜೆಗೆ ಬಂದಾಗೆಲ್ಲ ಗ್ರಾಫುಗಳ ಸುರುಳಿ ಹಿಡಿದು ಅವರ ಮನೆಯ ಕಟ್ಟೆಗೆ ಹೋಗುತ್ತಿದ್ದೆ.

ಪರಮಾಣುವಿನ ನ್ಯೂಕ್ಲಿಯಸ್ಸು ಎಂಥ ಆಕಾರದ್ದು ಎಂದು ತಿಳಿಯುವುದು ನನ್ನ ಕೆಲಸ. ಅದು ಶಕ್ತಿ ಕಳೆದುಕೊಳ್ಳುವಾಗ ಸಾಮಾನ್ಯವಾಗಿ ಗಾಮಾ ಕಿರಣ ಹೊರಬೀಳುತ್ತದೆ. ಒಮ್ಮೊಮ್ಮೆ ಪರಮಾಣುವಿನ ಎಲೆಕ್ಟ್ರಾನೊಂದು ಆ ಶಕ್ತಿ ಪಡೆದು ಹೊರಗೆ ಹಾರುತ್ತದೆ. ಎರಡನ್ನೂ ಅಳೆದಿದ್ದೆ. ಎಲೆಕ್ಟ್ರಾನಿನ ಗ್ರಾಫಿನಲ್ಲಿ ಒಂದು ಸಣ್ಣ ದಿಬ್ಬ ಎದ್ದಿತ್ತು. ಗಾಮಾ ಗ್ರಾಫಿನಲ್ಲಿ ಅದಕ್ಕೆ ಜೋಡಿ ಇರಲಿಲ್ಲ. ಕಲ್ಮಶವೆಂದು ಹೊಡೆದುಹಾಕಿದ್ದೆ.

ಸರ್ ಅಲ್ಲಿಗೇ ಉಗುರೊತ್ತಿದರು. "ಇದನ್ಯಾಕ ಹೊಡದಿ ತಂಗಿ?"

"ಗಾಮಾ ಇಲ್ರಿ ಸರ."

"ಗಾಮಾ ಬರಾಕ ಆಗದಂಥಾ ದಾರಿ ಒಂದೈತಲ್ಲ, ಮರತ್ಯೇನು?"

ನಾಚಿಕೆಯಾಯಿತು. ವಿದ್ಯುತ್ ಏಕಧ್ರುವ ಸಂಕ್ರಮಣವೆಂಬ ದಾರಿಯಲ್ಲಿ ನ್ಯೂಕ್ಲಿಯಸ್ಸು ಶಕ್ತಿ ಕಳೆದುಕೊಂಡರೆ ಒಂಟಿ ಗಾಮಾ ಹೊರಡುವಂತಿಲ್ಲ, ಎಲೆಕ್ಟ್ರಾನೇ ಸಾಕ್ಷಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನು. ಆ ದಿಬ್ಬ ನಿಜವಾದರೆ ಒಂದೇ ನ್ಯೂಕ್ಲಿಯಸ್ಸಿನಲ್ಲಿ ಗುಂಡಗಿನ ಆಕಾರವೂ ಉದ್ದನೆಯದೂ ಬೆರೆತಿವೆ ಎನ್ನಬಹುದಿತ್ತು. ನನ್ನ ಪ್ರಬಂಧವೆಲ್ಲ ಇನ್ನು ಅದರ ಮೇಲೇ ನಿಂತಿತು.

"ಹಂಗಾರ ಇಡ್ತೀನ್ರಿ."

"ಕಸಾನೂ ಇರಬಹುದು."

ನನಗೆ ತಲೆ ಕೆಟ್ಟಿತು. ಇಡಲೋ ತೆಗೆಯಲೋ ಎಂದು ಕೇಳಿದರೆ, "ನಾ ಹೇಳಂಗಿಲ್ಲ. ತಗಡಿನ ಮ್ಯಾಲೆ ನಿನ್ನ ಧಾತುವಿನ ಲೇಪ ಇನ್ನಷ್ಟು ತೆಳ್ಳಗ ಹಚ್ಚಿ ಮತ್ತ ಅಳತಿ ಮಾಡು. ದಪ್ಪ ಇದ್ರ ಎಲೆಕ್ಟ್ರಾನು ಹೊರಗ ಬರೂದ್ರಾಗ ದಣೀತಾವು," ಎಂದು ಚಹಾಕ್ಕೆ ಒಳಗೆ ಕೂಗಿದರು.

ಮತ್ತೆ ಅಳೆಯಲು ಎಂಟು ತಿಂಗಳು ಹಿಡಿಯಿತು. ದಿಬ್ಬ ಅಲ್ಲೇ ಇತ್ತು, ಮೊದಲಿಗಿಂತ ಚೂಪಾಗಿ. ಫೋನು ಮಾಡಿದೆ. ಶಹಬ್ಬಾಸ್ ಬರುತ್ತದೆಂದು ಕಾದರೆ, ಅವರು, "ನಾ ತಗದಿದ್ದೆ, ತಂಗಿ," ಎಂದರು. ಏನು, ಎಲ್ಲಿ ಎಂದು ಕೇಳುವಷ್ಟರಲ್ಲಿ ಫೋನು ಅವರ ಹೆಂಡತಿಯ ಕೈಗೆ ಹೋಗಿತ್ತು. ಅವರು ಮಳೆಯ ಸುದ್ದಿ ಹೇಳಿದರು.

ಹದಿನೈದು ದಿನಕ್ಕೆ ಸರ್ ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಹೆಂಡತಿ, "ಇದನ್ನ ನಿನಗ ಕೊಡು ಅಂದಿದ್ರವಾ," ಎಂದು ಸರ್ ತಾವು ಓದುವಾಗ ಬರೆದಿದ್ದ ಪ್ರಬಂಧದ ಕರಡನ್ನು ಕೈಗಿತ್ತರು. ಒಳಗೊಂದು ಎಲೆಕ್ಟ್ರಾನಿನ ಗ್ರಾಫು, ಸಣ್ಣ ದಿಬ್ಬದ ಮೇಲೆ ಅಡ್ಡಗೆರೆ, ಬದಿಗೆ ಅವರದೇ ಅಕ್ಷರ: ಗಾಮಾ ಇಲ್ಲ, ಕಲ್ಮಶ.

ನನ್ನ ಪ್ರಬಂಧಕ್ಕೆ ಪದವಿ ಬಂತು. ಅದು ಅವರ ಋಣ. ಈಗ ಅವರು ಅಳೆದಿದ್ದ ನ್ಯೂಕ್ಲಿಯಸ್ಸನ್ನೇ ಮತ್ತೆ ಅಳೆಯಲು ನನಗೆ ಪ್ರಯೋಗಾಲಯದಲ್ಲಿ ಸಮಯ ಸಿಕ್ಕಿದೆ. ದಿಬ್ಬ ಸಿಕ್ಕರೆ, ಬದುಕಿನ ದೊಡ್ಡ ಶೋಧವನ್ನು ಅವರು ಕೈಯಾರೆ ಅಳಿಸಿದರೆಂದಾಗುತ್ತದೆ. ಸಿಗದಿದ್ದರೆ, ಇಷ್ಟು ವರ್ಷ ಸುಮ್ಮನೆ ಕೊರಗಿದರೆಂದಾಗುತ್ತದೆ. ಯಾವುದನ್ನು ಬಯಸಬೇಕೋ ನನಗಿನ್ನೂ ತಿಳಿದಿಲ್ಲ.