ಮೊದಲ ತುತ್ತು

ಪಕ್ಕದ ಮನೆಯ ಮೌಶಿಯ ಬಲಗೈಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಹಲ್ಲಿನ ಗುರುತಿತ್ತು. ಅವರ ಅತ್ತೆ ಕಚ್ಚಿದ್ದು. ಒಂದು ಮಾಯುವಷ್ಟರಲ್ಲಿ ಇನ್ನೊಂದು ಮೂಡುತ್ತಿತ್ತು.

ನನ್ನ ಗಂಡನಿಗೆ ನಾಸಿಕದ ಹತ್ತಿರದ ಓಝರಿಗೆ ವರ್ಗವಾದಾಗ ಆ ಓಣಿಯಲ್ಲಿ ಕನ್ನಡ ಮಾತಾಡುವವರು ಅವರೇ; ಅಲ್ಲಿಯವರಂತೆ ನಾನೂ ಅವರನ್ನು ಮೌಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಬೀದರ ಕಡೆಯ ಕ್ರೈಸ್ತರು. ವಿಮಾನ ಕಾರ್ಖಾನೆಯಲ್ಲಿದ್ದ ಅವರ ಗಂಡ ತೀರಿಹೋಗಿ, ಮನೆಯಲ್ಲಿ ಉಳಿದದ್ದು ಮೌಶಿ ಮತ್ತು ಮರೆವು ಹಿಡಿದ ಆ ಮುದುಕಿ. ಸೊಸೆ ಅನ್ನದಲ್ಲಿ ವಿಷ ಹಾಕುತ್ತಾಳೆಂದು ಮುದುಕಿಗೆ ಗುಮಾನಿ. "ಮೊದಲ ನೀ ತಿನ್ನು, ಕಳ್ಳಿ" ಎಂದು ತಾಟು ನೂಕುವಳು. ಮೌಶಿ ಎದುರಿಗೆ ಕೂತು ಅದೇ ತಾಟಿನಿಂದ ಒಂದು ತುತ್ತು ನುಂಗಿ ತೋರಿಸಬೇಕು, ಆಮೇಲೆಯೇ ಊಟ. ಹೊತ್ತುಹೊತ್ತಿಗೂ ಇದೇ.

ನನಗಂತೂ ಮೈಯೆಲ್ಲ ಉರಿಯುತ್ತಿತ್ತು. "ನಾಸಿಕದಾಗ ಸಿಸ್ಟರ್‌ಗಳ ಆಶ್ರಮ ಅದಲ್ರಿ, ಬಿಟ್ಟು ಬರ್ರಿ. ಚರ್ಚಿಗಿ ಹೋಗ್ಲಿಕ್ಕೂ ನಿಮಗ ಪುರಸೊತ್ತಿಲ್ಲ. ನೀವೇನು ಸಂತರೇನ್ರಿ?" ಎಂದು ಒಮ್ಮೆ ಬೈದೇಬಿಟ್ಟೆ.

ಮೌಶಿ ನಕ್ಕರು. "ಅಯ್ಯ, ಎಲ್ಲಿ ಸಂತರ ಮಾತು ತೆಗದ್ರಿ! ಅತ್ತಿ ಉಪಾಸ ಇರಬಾರದು, ಅಷ್ಟ. ಸಿಟ್ಟು ನನಗೂ ಬರ್ತದ. ಬಂದಾಗ ಜಪ ಹೇಳಕೋತ ಮೋರಿ ತಿಕ್ಕತೀನಿ." ಅವರ ಬಚ್ಚಲ ಮೋರಿ ಯಾವಾಗಲೂ ಫಳಫಳ ಅನ್ನುತ್ತಿತ್ತು.

ಆಮೇಲೆ ಅವರ ಗಂಟಲಿಗೇ ಕ್ಯಾನ್ಸರ್ ಬಂತು. ದೇವರಿಗೆ ಬೇರೆ ಜಾಗ ಸಿಗಲಿಲ್ಲವೇ ಎಂದು ನಾನು ಇವತ್ತಿಗೂ ಕೇಳುತ್ತೇನೆ. ನಾನು ಕೊಟ್ಟ ಗಂಜಿಯನ್ನೂ ಕುಡಿಯಲಾರರು, ಮುದುಕಿಯ ಎದುರಿನ ತುತ್ತನ್ನು ಮಾತ್ರ ಬಿಡಲಿಲ್ಲ. "ಬಾಯಾಗ ಇಟಗೊಂಡು ಆಮ್ಯಾಲ ಉಗಳ್ರಿ" ಎಂದೆ. "ಆಗಂಗಿಲ್ರಿ, ಅತ್ತಿ ಗಂಟಲನ್ನ ನೋಡ್ತಾರ" ಎಂದರು. ಸೆರಗು ಬಿಗಿಹಿಡಿದು, ಕುತ್ತಿಗೆ ಸೆಟೆಸಿ, ಅದನ್ನು ಒಳಗೆ ತಳ್ಳುವುದನ್ನು ಕಂಡಿದ್ದೇನೆ. ಮುದುಕಿ ಆಗಲೂ ಬೈಯುತ್ತಲೇ ಇದ್ದಳು.

ಮೌಶಿಯನ್ನು ಮಣ್ಣು ಮಾಡಿದ ದಿನ ಮುದುಕಿ ಬೆಳಗಿನಿಂದ ಏನೂ ಮುಟ್ಟಿರಲಿಲ್ಲ. ಅವಳನ್ನು ಕರೆದೊಯ್ಯಲು ಅವಳ ತಮ್ಮನ ಮಗ ಔರಂಗಾಬಾದಿನಿಂದ ಮರುದಿನ ಬರುವವನಿದ್ದ. ಅವಳಿಗೆ ಇಷ್ಟವೆಂದು ಚರ್ಚಿನ ಹೆಂಗಸರು ಮೀನಿನ ಸಾರು, ಅನ್ನ ತಂದರು. ನಾನು ಹೇಳಿಕೊಟ್ಟಂತೆ ಒಬ್ಬರು ಮೊದಲ ತುತ್ತು ತಿಂದೂ ತೋರಿಸಿದರು. "ನೀ ಯಾರ?" ಎಂದು ಮುದುಕಿ ಹಲ್ಲು ಕಚ್ಚಿಕೊಂಡಳು. ದಿನಾ ಕಂಡ ಮುಖವೆಂದೋ ಏನೋ, ನನ್ನತ್ತ ಬೆರಳು ಮಾಡಿದಳು. "ಇಕಿ ತಿನ್ನಲಿ."

ನಾನು ಲಿಂಗಾಯತರ ಮನೆಯವಳು, ಹುಟ್ಟಿದಾಗಿನಿಂದ ಮೀನು ಮುಟ್ಟಿದವಳಲ್ಲ. "ನಕೋ ತಾಯಿ, ನಕೋ" ಎಂದು ಆ ಹೆಂಗಸರೇ ನನ್ನ ಕೈ ಹಿಡಿದರು. ಬಿಡಿಸಿಕೊಂಡು ತುತ್ತು ಕಲಸಿ ಬಾಯಿಗಿಟ್ಟೆ. ಮುದುಕಿ ನನ್ನ ಗಂಟಲನ್ನೇ ದಿಟ್ಟಿಸುತ್ತಿದ್ದಳು. ನುಂಗಿದೆ. ಆಗ ಬಾಯಿ ತೆರೆದಳು.